ಎಸಿ ಹಚ್ಚಿದ್ರೂ ಫ್ಯಾನ್ ಬಂದ್ ಮಾಡಬ್ಯಾಡ್ರಿ

ನಮ್ಮ ರಾಯಚೂರಾಗ ಯಾರ ಮನಿಗೆ ಹೋದ್ರೂ ಬ್ಯಾಸಗ್ಯಾಗ ಈ ಒಂದು ಮಾತು ಕೇಳೇ ಕೇಳ್ತೀರಿ, ಎಸಿ ಹಚ್ಚೀವಿ, ಫ್ಯಾನ್ ಬಂದ್ ಮಾಡು, ಇಲ್ಲಾಂದ್ರ ಛತ್ತಿನ ಬಿಸಿ ಗಾಳಿ ಎಲ್ಲಾ ಕೆಳಗ ಬರ್ತದ ಅಂತ. ಎಸಿ ಫಿಟ್ಟಿಂಗ್ ಮಾಡೋ ಹುಡುಗ್ರೂ ಹೇಳ್ತಾರ, ಅಂಗಡಿಯವ್ರೂ ಹೇಳ್ತಾರ, ಬೀಗರ ಮನ್ಯಾಗೂ ಹೇಳ್ತಾರ. ನಾನು ಇದಕ್ಕ ಪೂರಾ ಉಲ್ಟಾ ಹೇಳಾಕ ಈ ಪೋಸ್ಟ್ ಬರೀತಾ ಇದೀನಿ. ಎಸಿ 26ಕ್ಕೋ 27ಕ್ಕೋ ಇಟ್ಟು, ಮ್ಯಾಲಿನ ಫ್ಯಾನ್ ಒಂದೋ ಎರಡೋ ನಂಬರಿಗೆ ಸಣ್ಣಗ ತಿರಗಾಕ ಬಿಟ್ರ, 22ಕ್ಕ ಇಟ್ಟು ಫ್ಯಾನ್ ಬಂದ್ ಮಾಡಿ ಮಲಗಿದ್ದಕ್ಕಿಂತ ನಿದ್ದಿ ಚಲೋ ಬರ್ತದ, ಮುಂಜಾನಿ ಮೈ ಕೈ ಹಿಡ್ಕೊಳ್ಳಂಗಿಲ್ಲ, ಬಿಲ್ಲೂ ಇಳೀತದ. ನಮ್ಮದು ಮ್ಯಾಲಿನ ಅಂತಸ್ತಿನ ಮನಿ, ತಲಿ ಮ್ಯಾಗ ಬರೇ ಸ್ಲ್ಯಾಬ್, ಅದರ ಮ್ಯಾಗ ಬಿಸಲು, ಅಂಥ ಮನ್ಯಾಗ ಇದ್ದು ಹೇಳ್ತಾ ಇದೀನಿ.

ಮೊದ್ಲು ಒಂದು ತಿಳ್ಕೋರಿ, ಫ್ಯಾನ್ ಖೋಲಿನ ತಂಪು ಮಾಡಂಗಿಲ್ಲ. ಖಾಲಿ ಖೋಲ್ಯಾಗ ಫ್ಯಾನ್ ತಿರುಗಿದ್ರ ಆ ಖೋಲಿ ತಂಪಾಗೋದು ಬಿಡ್ರಿ, ಮೋಟರಿನ ಕಾವು ಸೇರಿ ಕೂದಲೆಳಿಯಷ್ಟು ಬಿಸೀನ ಆಗ್ತದ. ಫ್ಯಾನ್ ತಂಪು ಮಾಡೋದು ಮನಷ್ಯಾನ್ನ. ನಾವು ಸುಮ್ನ ಕುಂತ್ರೂ ನಮ್ಮ ಮೈಯಿಂದ ಹಳೇ 100 ವಾಟಿನ ಬಲ್ಬಿನಷ್ಟು ಕಾವು ಹೊರಗ ಬರ್ತಾ ಇರ್ತದ, ಆ ಕಾವು ಚರ್ಮದ ಸುತ್ತ ಒಂದು ತೆಳು ಬಿಸಿ ಪದರದಂಗ ಕುಂತಿರ್ತದ, ಗಾಳಿ ಬೀಸಿದ್ರ ಅದು ಹಾರಿ ಹೋಗ್ತದ, ಜೊತಿಗೆ ಬೆವರು ಆರ್ತದ, ಆರೋವಾಗ ಮೈಯಾಗಿನ ಕಾವು ತಗೊಂಡು ಹೋಗ್ತದ. ಇಷ್ಟ ಫ್ಯಾನಿನ ಕೆಲಸ. ಅದಕ್ಕ ಖೋಲಿ ಬಿಟ್ಟು ಎದ್ದು ಹೊಂಟ್ರ ಫ್ಯಾನ್ ಬಂದ್ ಮಾಡ್ರಿ, ಖೋಲ್ಯಾಗ ಇದ್ರ ಎಸಿ ಇದ್ರೂ ಹಚ್ಚಿರ್ರಿ. ಅಮೆರಿಕಾದ ಇಂಧನ ಇಲಾಖೆಯವ್ರು ಸೀಲಿಂಗ್ ಫ್ಯಾನ್ ಇದ್ರ ಎಸಿನ 4 ಡಿಗ್ರಿ ಫ್ಯಾರನ್‌ಹೀಟ್ ಏರಿಸಿ ಇಟ್ರೂ ಆರಾಮದಾಗ ಏನೂ ಫರಕ್ ಆಗಂಗಿಲ್ಲ ಅಂತ ಹೇಳ್ತಾರ, ನಮ್ಮ ಸೆಲ್ಸಿಯಸ್ ಲೆಕ್ಕಕ್ಕ ಅದು 2 ಡಿಗ್ರಿಗಿಂತ ಚೂರು ಹೆಚ್ಚು.

ಇನ್ನ ಛತ್ತಿನ ಬಿಸಿ ಗಾಳಿ ಮಾತಿಗೆ ಬರೂಣು. ಅದು ಪೂರಾ ಸುಳ್ಳೇನಲ್ಲ, ಬಿಸಿ ಗಾಳಿ ಮ್ಯಾಲ ನಿಲ್ತದ, ನಮ್ಮ ಸ್ಲ್ಯಾಬ್ ಅಂತೂ ಹಗಲೆಲ್ಲಾ ಕಾದು ಸಂಜಿ ಮ್ಯಾಲ ಒಳಗ ಕಾವು ಬಿಡಾಕ ಶುರು ಮಾಡ್ತದ. ಆದ್ರ ಸ್ಪ್ಲಿಟ್ ಎಸಿ ಎಲ್ಲಿಂದ ಗಾಳಿ ಎಳ್ಕೊಳ್ತದ ನೋಡ್ರಿ, ಒಳಗಿನ ಯೂನಿಟ್ಟಿನ ನೆತ್ತಿ ಮ್ಯಾಲಿಂದ. ಅಂದ್ರ ಛತ್ತಿನ ಹತ್ರದ ಬಿಸಿ ಗಾಳೀನ ಅದು ಹೆಂಗೂ ಎಳಕೊಂಡು ತಂಪು ಮಾಡ್ತಾ ಇರ್ತದ. ಖರೇ ತ್ರಾಸು ಎಲ್ಲಿ ಅಂದ್ರ ಸಂಜಿಗೆ ಬೀಗ ತೆಗದು ಒಳಗ ಬಂದ್ಕೂಡ್ಲೇ, ಹಗಲೆಲ್ಲಾ ಮುಚ್ಚಿಟ್ಟ ಖೋಲಿ ಭಟ್ಟಿ ಆಗಿರ್ತದ, ಅಂಥಾದ್ರಾಗ ಕಿಡಕಿ ಹಾಕ್ಕೊಂಡು ಸೀದಾ ಎಸಿ ಹಚ್ಚಿದ್ರ ಅದು ಆ ಹಳೇ ಕಾವಿನ ಜೋಡಿ ಗುದ್ದಾಡ್ತಾ ಕೂಡ್ತದ. ಹೊರಗಿನ ಗಾಳಿ ಒಳಗಿಂದಕ್ಕಿಂತ ಕಡಿಮಿ ಬಿಸಿ ಇದ್ರ ಮೊದ್ಲು ಎರಡೂ ಕಡಿ ಕಿಡಕಿ ತಗದು ಫ್ಯಾನ್ ಜೋರಾಗಿ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡ್ರಿ, ಒಳಗಿನ ಧಗಿ ಹೊರಗ ಹೋಗ್ಲಿ, ಆಮ್ಯಾಲ ಎಲ್ಲಾ ಮುಚ್ಚಿ ಎಸಿ ಹಚ್ರಿ, ಫ್ಯಾನ್ ಸಣ್ಣಗ ಮಾಡ್ರಿ. ಫ್ಯಾನ್ ಜೋರಾಗಿ ಬಿಟ್ರ ಮಾತ್ರ ಛತ್ತಿನ ಕಾವು ಕೆಳಗ ಬಡೀತದ ಅನಸ್ತದ, ಅದು ನಮಗೂ ಅನಿಸೇದ, ಸಣ್ಣಗ ಬಿಟ್ರ ಆ ತ್ರಾಸಿಲ್ಲ.

ರೊಕ್ಕದ ಲೆಕ್ಕ. ಇದನ್ನ ಸ್ವಲ್ಪ ನಿಂತು ನೋಡಬೇಕು, ಯಾಕಂದ್ರ ಇಲ್ಲಿ ಎಲ್ಲಾರೂ ಅರ್ಧ ಲೆಕ್ಕ ಮಾಡಿ ಬಿಡ್ತಾರ. ಒಂದೂವರೆ ಟನ್ನಿನ ಎಸಿ ಕಂಪ್ರೆಸರ್, ಅಂದ್ರ ತಂಪು ಮಾಡೋ ಹೊರಗಿನ ಯೂನಿಟ್ಟಿನ ಮುಖ್ಯ ಮಷೀನು, ಓಡೋವಾಗ ಸುಮಾರು 1500 ವಾಟ್ ಎಳೀತದ ಅಂತ ಹಿಡಿರಿ. ರಾತ್ರಿ 8 ತಾಸಿನಾಗ ಕಂಪ್ರೆಸರ್ ಅರ್ಧ ಹೊತ್ತು ಓಡಿದ್ರೂ 6 ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿ ಒಳಗ 200 ಯೂನಿಟ್ ಗೆರಿ ದಾಟಿದ ತಿಂಗಳು ಪೂರಾ ಬಿಲ್ ನಾವ ಕಟ್ಟಬೇಕು, ಅಂದ್ರ ಒಂದ ಒಂದು ಎಸಿ ಇದ್ರೂ ಫ್ರಿಜ್ಜು ಟಿವಿ ಮೋಟರು ಸೇರಿ ಬ್ಯಾಸಗ್ಯಾಗ ಗೆರಿ ದಾಟೋದು ಗ್ಯಾರಂಟಿ, ಅದಕ್ಕ ನಮ್ಮಂಥವ್ರಿಗೆ ದಿನಕ್ಕ ಒಂದು ಯೂನಿಟ್ ಉಳಿಯೋದೂ ದೊಡ್ಡ ಮಾತ. ಕೇಂದ್ರದ ವಿದ್ಯುತ್ ಇಲಾಖೆಯವ್ರು ಎಸಿ ಒಂದು ಡಿಗ್ರಿ ಏರಿಸಿದ್ರ ಸುಮಾರು 6 ಪರ್ಸೆಂಟ್ ಕರೆಂಟ್ ಉಳೀತದ ಅಂತ ಹೇಳ್ತಾರ, 2020ರ ಜನವರಿಯಿಂದ ಸ್ಟಾರ್ ಇರೋ ಎಸಿಗಳಿಗೆ ಹಚ್ಚಿದ್ಕೂಡ್ಲೇ 24 ಡಿಗ್ರಿ ಬರೋ ಹಂಗ ಸೆಟ್ಟಿಂಗ್ ಕಡ್ಡಾಯ ಮಾಡಿದ್ದೂ ಇದಕ್ಕ. ಈಗ ನೋಡ್ರಿ, 24ರಿಂದ 26ಕ್ಕ ಏರಿಸಿದ್ರ 12 ಪರ್ಸೆಂಟ್, 6 ಯೂನಿಟ್ಟಿನಾಗ ಮುಕ್ಕಾಲು ಯೂನಿಟ್ ಹತ್ರ ಉಳೀತು. ಆದ್ರ ಹಳೇ 75 ವಾಟಿನ ಫ್ಯಾನ್ ಪೂರಾ ಸ್ಪೀಡಿನಾಗ 8 ತಾಸು ತಿರುಗಿದ್ರ ಅದ 0.6 ಯೂನಿಟ್ ತಿಂತದ! ಉಳಿದದ್ದೆಲ್ಲಾ ಅಲ್ಲೇ ಹೋತು. ಅದಕ್ಕ ಸಣ್ಣಗ ತಿರುಗಿಸ್ರಿ ಅಂತ ಒತ್ತಿ ಒತ್ತಿ ಹೇಳ್ತಾ ಇರೋದು, ಅದಕ್ಕ ಬಿಎಲ್‌ಡಿಸಿ ಅಂತ ಕಡಿಮಿ ಕರೆಂಟ್ ತಿನ್ನೋ ಹೊಸ ಥರದ ಮೋಟರಿನ ಫ್ಯಾನ್ ತಗೋರಿ ಅನ್ನೋದು, ಅದು ಪೂರಾ ಸ್ಪೀಡಿನಾಗೂ 30 ವಾಟ್ ಆಸುಪಾಸು, ಸಣ್ಣಗ ಇಟ್ರ ಅದಕ್ಕಿಂತ ಎಷ್ಟೋ ಕಡಿಮಿ. ಮತ್ತ ಒಂದು ಮಾತು ಮರೀಬ್ಯಾಡ್ರಿ, ಫ್ಯಾನ್ ಹಚ್ಚಿ ಎಸಿ ಮಾತ್ರ 20ಕ್ಕೇ ಬಿಟ್ರ ಬಿಲ್ ಇಳಿಯಂಗಿಲ್ಲ, ಏರ್ತದ. ಫ್ಯಾನ್ ಹಚ್ಚೋದೂ ಎಸಿ ಏರಿಸೋದೂ ಜೋಡಿ ಕೆಲಸ, ಒಂದ ಮಾಡಿದ್ರ ಉಪಯೋಗಿಲ್ಲ.

ನಮ್ಮ ಪಕ್ಕದಾಗ ಶಕ್ತಿನಗರ ಅದ, 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕ ಕರೆಂಟ್ ಕೊಡ್ತದ, 1720 ಮೆಗಾವಾಟಿನ ಸ್ಟೇಷನ್. ಬಳ್ಳಾರಿ ಕಡಿಗೆ ಹೋದ್ರ ಕುಡತಿನಿ ಸ್ಟೇಷನ್ ಅದ. ಕರೆಂಟ್ ಎಲ್ಲಿಂದ ಬರ್ತದ ಅನ್ನೋದು ನಮ್ಮ ಭಾಗದವ್ರಿಗೆ ಯಾರೂ ಹೇಳಿಕೊಡೋದು ಬ್ಯಾಡ, ಬಸ್ಸಿನ ಕಿಡಕ್ಯಾಗಿಂದ ಚಿಮಣಿ ಕಾಣ್ತಾವ.

ನಮ್ಮ ಅಕ್ಕನ ಮಗ ಟೆಕ್ಸಸ್‌ನಾಗ ಇರ್ತಾನ, ವಿಡಿಯೋ ಕಾಲ್ ಮಾಡಿದಾಗ ಈ ವಿಷಯ ಬಂತು. ಅಲ್ಲಿ ಖೋಲಿಗೊಂದು ಎಸಿ ಇರಂಗಿಲ್ಲ, ಇಡೀ ಮನಿಗೆ ಒಂದ ದೊಡ್ಡ ಮಷೀನು, ಅದರಾಗ ಒಂದು ದೊಡ್ಡ ಬ್ಲೋವರ್ ಫ್ಯಾನ್, ಅಟ್ಟದಾಗೋ ನೆಲದ ಕೆಳಗೋ ತಗಡಿನ ಡಕ್ಟು ಎಳದು ಎಲ್ಲಾ ಖೋಲಿಗೂ ಗಾಳಿ ಬಿಡ್ತಾರ. ಗ್ವಾಡಿ ಮ್ಯಾಗಿನ ಥರ್ಮೋಸ್ಟಾಟ್‌ನಾಗ ಫ್ಯಾನಿಗೆ ಅಂತ ಬ್ಯಾರೇ ಒಂದು ಸೆಟ್ಟಿಂಗ್ ಅದ, ಆಟೋ ಅಂತ ಇಟ್ರ ತಂಪು ಮಾಡೋವಾಗ ಅಷ್ಟ ಫ್ಯಾನ್ ಓಡ್ತದ, ಆನ್ ಅಂತ ಇಟ್ರ ಕಂಪ್ರೆಸರ್ ನಿಂತ್ರೂ ಫ್ಯಾನ್ ಓಡ್ತಾ ಇರ್ತದ. "ಮಾಮಾ, ನಮ್ಮ ಮ್ಯಾಲಿನ ಬೆಡ್‌ರೂಮ್ ಬಿಸಿ, ಕೆಳಗಿನ ಹಾಲ್ ಥಂಡಿ ಇರ್ತಿತ್ರಿ, ಫ್ಯಾನ್ ಆನ್ ಮಾಡಿ ಬಿಟ್ಟ ಮ್ಯಾಲ ಎರಡೂ ಒಂದ ಹದಕ್ಕ ಬಂದ್ವು ನೋಡ್ರಿ" ಅಂದ. ಆ ಬ್ಲೋವರ್ ಹಳೇ ಥರದ ಮೋಟರ್ ಆದ್ರ ನಾನೂರು ಐನೂರು ವಾಟ್ ತಿಂತದ, ಹೊಸ ಥರದ್ದಾದ್ರ ಸಣ್ಣ ಸ್ಪೀಡಿನಾಗ ಅದರಾಗಿನ ಕಾಲು ಭಾಗನೂ ತಿನ್ನಂಗಿಲ್ಲ, ಅದಕ್ಕ ಅಲ್ಲೂ ಯಾವ ಮೋಟರ್ ಅನ್ನೋದರ ಮ್ಯಾಗ ಲಾಭ ನಷ್ಟ. ಡಕ್ಟು ಕಾದ ಅಟ್ಟದಾಗ ಹಾದು ಹೋಗಿದ್ರ ಸುಮ್ನ ಫ್ಯಾನ್ ಓಡಿಸಿದಷ್ಟೂ ಅಟ್ಟದ ಕಾವು ಮನಿಯೊಳಗ ಬರ್ತದ, ಅದೂ ಒಂದದ.

ನಮ್ಮ ಸ್ಪ್ಲಿಟ್ ಎಸಿಗೂ ಆ ಬರೇ ಫ್ಯಾನ್ ಸೆಟ್ಟಿಂಗ್ ಇದ್ದೇ ಅದ, ರಿಮೋಟಿನ ಮೋಡ್ ಬಟನ್ ಒತ್ತಿಕೋತ ಹೋಗ್ರಿ, ಹಿಮದ ಹೂವಿನ ಚಿತ್ರ ಬಂದ್ರ ಕೂಲ್, ನೀರಿನ ಹನಿ ಬಂದ್ರ ಡ್ರೈ, ಫ್ಯಾನಿನ ಚಿತ್ರ ಬಂದ್ರ ಬರೇ ಫ್ಯಾನ್. ಕಂಪ್ರೆಸರ್ ಓಡಂಗಿಲ್ಲ, ಒಳಗಿನ ಬ್ಲೋವರ್ ಅಷ್ಟ, ಒಂದು ಸೀಲಿಂಗ್ ಫ್ಯಾನಿನಷ್ಟ ಕರೆಂಟು. ಬೆಳಗಿನ ಜಾವ ನಾಲ್ಕಕ್ಕ ಖೋಲಿ ಚಲೋ ತಂಪಾಗಿರ್ತದಲ್ಲ, ಆವಾಗ ಟೈಮರ್ ಇಟ್ಟು ಎಸಿ ಬಂದ್ ಆಗಂಗ ಮಾಡಿ ಮ್ಯಾಲಿನ ಫ್ಯಾನ್ ಮ್ಯಾಗ ಏಳೂತನಾ ಹೋಗಬಹುದು. ಬರೇ ಫ್ಯಾನ್ ಮೋಡ್ ಇನ್ನೊಂದಕ್ಕ ಚಲೋ ಬರ್ತದ, ಎಸಿ ಬಂದ್ ಮಾಡೋ ಮುಂಚೆ ಹತ್ತು ನಿಮಿಷ ಅದರ ಮ್ಯಾಗ ಬಿಟ್ರ ಒಳಗಿನ ಕಾಯಿಲ್ (ಗಾಳಿ ತಂಪು ಮಾಡೋ ಕೊಳವಿ) ಮ್ಯಾಗಿನ ನೀರು ಆರ್ತದ, ಆ ಹಸಿ ಬಟ್ಟಿ ವಾಸನಿ ಬರಂಗಿಲ್ಲ. ಆದ್ರ ಫ್ಯಾನ್ ಮೋಡಿಗೆ ಇಟ್ರ ಹೊರಗಿನ ತಾಜಾ ಗಾಳಿ ಬರ್ತದ ಅಂತ ಭಾಳ ಮಂದಿ ತಿಳ್ಕೊಂಡಾರ, ಬರಂಗಿಲ್ಲ ರೀ, ಇದ್ದ ಗಾಳೀನ ತಿರುಗಿಸ್ತದ ಅಷ್ಟ. ನಾಲ್ಕೈದು ಮಂದಿ ಒಂದ ಖೋಲ್ಯಾಗ ಬಾಗ್ಲ ಹಾಕ್ಕೊಂಡು ಮಲಗಿ ಮುಂಜಾನಿ ತಲಿ ಭಾರ ಆಗೋದು ತಾಜಾ ಗಾಳಿ ಇಲ್ಲದ್ದಕ್ಕ, ಮಲಗೋ ಮುಂಚೆ ಒಮ್ಮೆ, ನಡು ರಾತ್ರಿ ಯಾರರ ಎದ್ರ ಒಮ್ಮೆ, ಬಾಗ್ಲ ತಗದು ಬಿಡ್ರಿ.

ಈಗ ಸ್ಪೀಡಿನ ಮಾತು, ಇದು ನಮ್ಮ ಹವಾಮಾನಕ್ಕ ತಕ್ಕಂಗ ನೋಡಬೇಕಾದ್ದು, ಮಂಗಳೂರಿನವ್ರ ವಿಡಿಯೋ ನೋಡಿ ಮಾಡೋದಲ್ಲ. ಎಸಿ ಬ್ಲೋವರ್ ಸಣ್ಣಗ ಓಡಿದ್ರ ಕಾಯಿಲ್ ಭಾಳ ಥಂಡಿ ಆಗಿ ಗಾಳಿಯಾಗಿನ ಪಸಿ ಹೆಚ್ಚು ಹಿಂಡ್ತದ, ಜೋರಾಗಿ ಓಡಿದ್ರ ಪಸಿ ಕಡಿಮಿ ಹಿಂಡಿ ಖೋಲಿನ ಹೆಚ್ಚು ತಂಪು ಮಾಡ್ತದ. ಏಪ್ರಿಲ್ ಮೇ ತಿಂಗಳಾಗ ರಾಯಚೂರು, ಕೊಪ್ಪಳ, ಬಳ್ಳಾರಿ ಗಾಳಿ ಒಣಗಿ ಗರಗರ ಅಂತಿರ್ತದ, ತುಟಿ ಒಡೀತಾವ, ಅದರಾಗ ಹಿಂಡಾಕ ಪಸಿ ಎಲ್ಲದ? ಅದಕ್ಕ ಬ್ಯಾಸಗ್ಯಾಗ ಬ್ಲೋವರ್ ಹೈ ಮ್ಯಾಗ ಇಡ್ರಿ. ಕಂಪ್ರೆಸರ್ ನಿಂತ ಮ್ಯಾಲೂ ಬ್ಲೋವರ್ ಓಡಿದ್ರ ಕಾಯಿಲ್ ಮ್ಯಾಗಿನ ನೀರು ವಾಪಸ್ ಗಾಳಿಗೆ ಸೇರ್ತದ ಅಂತ ಕರಾವಳಿಯವ್ರು, ಟೆಕ್ಸಸ್‌ನಾಗಿನ ಹ್ಯೂಸ್ಟನ್ ಕಡಿಯವ್ರು ಹೆದರ್ತಾರ, ಅವ್ರಿಗೆ ಅದು ಖರೇ ತ್ರಾಸು, ನಮಗ ಮೇ ತಿಂಗಳಾಗ ಅದರಿಂದ ಏನೂ ಹಾನಿ ಇಲ್ಲ, ಮೂಗು ಒಣಗೋದು ಕಡಿಮಿ ಆಗ್ತದ. ಮಳೆಗಾಲ ಬಂದ ಮ್ಯಾಲ, ಆಗಸ್ಟ್ ಸೆಪ್ಟೆಂಬರಿನಾಗ ಅಂಟಂಟು ಸೆಕಿ ಇರ್ತದಲ್ಲ, ಆವಾಗ ಬ್ಲೋವರ್ ಸಣ್ಣಗ ಇಲ್ಲಾ ಡ್ರೈ ಮೋಡ್. ಮತ್ತ ಕೂಲರ್ ಎಸಿ ಎರಡೂ ಒಂದ ಖೋಲ್ಯಾಗ ಹಚ್ಚಬ್ಯಾಡ್ರಿ ಯಾವತ್ತೂ, ಕೂಲರ್ ನೀರು ಗಾಳಿಗೆ ಬೆರಸ್ತದ, ಎಸಿ ಅದ ನೀರನ್ನ ಕರೆಂಟ್ ಸುಟ್ಟು ವಾಪಸ್ ತಗೀತದ. ಬರೇ ಕೂಲರ್ ಹಚ್ಚೋವ್ರು ಎದುರಿನ ಕಿಡಕಿ ತಗದಿಡ್ರಿ, ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲಾಂದ್ರ ಅರ್ಧ ತಾಸಿನಾಗ ಖೋಲಿ ಪಸಿ ಹಿಡದು ಇನ್ನಷ್ಟು ಕುದೀತದ.

ಒಂದ ಎಸಿ ಇದ್ದು ಪಡಸಾಲಿಗೂ ತಂಪು ಬೇಕು ಅನ್ನೋವ್ರು ಇದೊಂದು ಮಾಡಿ ನೋಡ್ರಿ. ಎಸಿ ಇರೋ ಖೋಲಿ ಬಾಗ್ಲ ತಗದು, ಒಂದು ಊದಿನಕಡ್ಡಿ ಹಚ್ಕೊಂಡು ಚೌಕಟ್ಟಿನ ಮ್ಯಾಲಿನ ಅಂಚಿಗೆ ಹಿಡಿರಿ, ಹೊಗಿ ಪಡಸಾಲಿಯಿಂದ ಖೋಲಿ ಒಳಗ ಹೋಗ್ತದ. ಅದ ಕಡ್ಡಿ ಹೊಸ್ತಿಲ ಹತ್ರ ಇಳಿಸ್ರಿ, ಹೊಗಿ ಅಡ್ಡ ಬಾಗಿ ಉಲ್ಟಾ ಹೊಂಟಿರ್ತದ, ಖೋಲಿಯಿಂದ ಪಡಸಾಲಿಗೆ. ಬಾಗ್ಲಿನ ನಡು ಹಿಡಿದ್ರ ಹೊಗಿ ಎತ್ತ ಹೋಗ್ಲಿ ಅಂತ ಅಲ್ಲೇ ಸುತ್ತಾಡ್ತದ. ತಂಪು ಗಾಳಿ ಭಾರ, ನೆಲ ಹಿಡದು ಹರೀತದ, ಬಿಸಿ ಗಾಳಿ ಮ್ಯಾಲಿಂದ ವಾಪಸ್ ಬರ್ತದ. ಹಂಗಾದ್ರ ಟೇಬಲ್ ಫ್ಯಾನ್ ಎಲ್ಲಿಡಬೇಕು ಅಂತ ನೀವ ಹೇಳ್ರಿ, ಖೋಲಿ ಒಳಗ, ಬಾಗ್ಲ ಹತ್ರ, ನೆಲದ ಮ್ಯಾಗ, ಮಾರಿ ಪಡಸಾಲಿ ಕಡಿ ಮಾಡಿ. ಭಾಳ ಮಂದಿ ಪಡಸಾಲ್ಯಾಗ ಸ್ಟ್ಯಾಂಡ್ ಫ್ಯಾನ್ ಇಟ್ಟು ಖೋಲಿ ಒಳಗ ಬೀಸಂಗ ಮಾಡ್ತಾರ, ಅದು ಹರಿಯೋ ತಂಪಿಗೆ ಅಡ್ಡ ಬೀಸಿದಂಗ. ನಮ್ಮ ಮನ್ಯಾಗ ಹಿಂಗ ನೆಲದ ಮ್ಯಾಗ ಇಟ್ಟ ಮ್ಯಾಲ ಹುಡುಗ್ರು ಪಡಸಾಲ್ಯಾಗ ಚಾಪಿ ಹಾಸ್ಕೊಂಡು ಓದಾಕ ಕೂಡ್ತಾರ, ಅಲ್ಲಿ ಥಂಡಿ ಕಡಿಮಿ ಆದ್ರೂ ಸಾಕಾಗ್ತದ.

ಈಗ ಹೇಳೋದು ಎಲ್ಲಾಕ್ಕಿಂತ ಮುಖ್ಯ, ಮನ್ಯಾಗ ವಯಸ್ಸಾದವ್ರು ಇರೋವ್ರು ದಯವಿಟ್ಟು ಓದ್ರಿ. ಫ್ಯಾನ್ ಎಲ್ಲಾ ಹೊತ್ತಿಗೂ ಆಗಿ ಬರಂಗಿಲ್ಲ. ನಮ್ಮ ಚರ್ಮ ಸುಮಾರು 35 ಡಿಗ್ರಿ ಇರ್ತದ, ಗಾಳಿ ಅದಕ್ಕಿಂತ ಬಿಸಿ ಆದ್ರ ಬೀಸೋ ಗಾಳಿ ಮೈಯಾಗಿನ ಕಾವು ತಗೊಂಡು ಹೋಗೋ ಬದ್ಲಿ ಕಾವು ತಂದು ಹಾಕ್ತದ, ಅಲ್ಲಿಂದ ಮುಂದ ಬೆವರು ಆರೋದೊಂದ ಆಸರ. ವಿಶ್ವ ಆರೋಗ್ಯ ಸಂಸ್ಥೆಯವ್ರು 40 ಡಿಗ್ರಿ ಒಳಗಿದ್ರ ಅಷ್ಟ ಫ್ಯಾನ್ ಬಳಸ್ರಿ, ಅದರ ಮ್ಯಾಲ ಆದ್ರ ಫ್ಯಾನ್ ಮೈಯನ್ನ ಇನ್ನಷ್ಟು ಬಿಸಿ ಮಾಡ್ತದ ಅಂತ ಸಾಫ್ ಹೇಳ್ಯಾರ. ನಮ್ಮ ಕಡಿ ಮೇ ತಿಂಗಳ ಮಧ್ಯಾಹ್ನ ಹೊರಗ 42, 43 ಇರ್ತದ, ಕರೆಂಟ್ ಹೋಗಿ ಬಂದು ಮಾಡ್ತಾ ಇದ್ರ ಸ್ಲ್ಯಾಬಿನ ಮನಿ ಒಳಗೂ 40ರ ಹತ್ರ ಬರೋದು ದೊಡ್ಡ ಮಾತಲ್ಲ. ವಯಸ್ಸಾದವ್ರಿಗೆ ಬೆವರು ಕಡಿಮಿ, ನೀರಡಿಕಿ ಗೊತ್ತಾಗೋದೂ ಕಡಿಮಿ. ನಮ್ಮ ಅವ್ವ ಎಸಿ ಅಂದ್ರ ಮೊಣಕಾಲು ಹಿಡೀತಾವ ಅಂತ ಖೋಲ್ಯಾಗ ಬರಂಗಿಲ್ಲ, ಪಡಸಾಲ್ಯಾಗ ಫ್ಯಾನಿನ ಕೆಳಗ ಕೂಡ್ತಾಳ, ಅದಕ್ಕ ಅಲ್ಲಿ ಗ್ವಾಡಿಗೆ ಒಂದು ಥರ್ಮಾಮೀಟರ್ ತೂಗು ಹಾಕೀವಿ. ಮುಳ್ಳು 37 ದಾಟಿತು ಅಂದ್ರ ಹತ್ತಿ ಪಂಚಿ ತೊಯಿಸಿ ಹಿಂಡಿ ಹೆಗಲಿಗೆ, ಕುತ್ತಿಗಿಗೆ, ಮುಂಗೈಗೆ ಹಾಕ್ತೀವಿ, ಫ್ಯಾನ್ ನಡು ಸ್ಪೀಡಿಗೆ, ಬೆವರು ಮಾಡೋ ಕೆಲಸ ಆ ನೀರು ಮಾಡ್ತದ. ಪಂಚಿ ಎಷ್ಟು ಲಗೂ ಒಣಗ್ತದ ಅನ್ನೋದರ ಮ್ಯಾಗ ಅವತ್ತಿನ ಗಾಳಿ ಹೆಂಗದ ಅಂತ ಗೊತ್ತಾಗ್ತದ, ಕೆಲವೊಮ್ಮೆ ಹಾಕಿ ಅಡಗಿ ಮನಿಗೆ ಹೋಗಿ ಬರೋದ್ರಾಗ ಅಂಚು ಗರಿ ಗರಿ ಆಗಿರ್ತಾವ. ಮಜ್ಜಿಗಿ, ನೀರು ಕೇಳೂತನಾ ಕಾಯಬ್ಯಾಡ್ರಿ, ನೀವ ಕೊಡ್ರಿ. 40 ಮುಟ್ಟಿತು ಅಂದ್ರ ಮೊಣಕಾಲಿನ ಮಾತು ಬಿಟ್ಟು, ಕಾಲಿಗೆ ಕೌದಿ ಹೊದಿಸಿ, ಎಸಿ ಖೋಲ್ಯಾಗ 28ಕ್ಕಿಟ್ಟು ಕರಕೊಂಡು ಬರ್ರಿ.

ಹಳೇ ಮಾಳಿಗಿ ಮನಿಗಳಾಗ ಇದಕ್ಕೆಲ್ಲಾ ಬ್ಯಾರೇ ದಾರಿ ಇತ್ತು, ಒಂದೂವರೆ ಮೊಳದ ಮಣ್ಣಿನ ಗ್ವಾಡಿ, ಮ್ಯಾಲ ಜಂತಿ, ಮಣ್ಣು, ನಡುವ ಒಂದು ಬೆಳಕಿಂಡಿ, ಬಿಸಿ ಗಾಳಿ ತಾನಾಗೇ ಅದರಾಗಿಂದ ಮ್ಯಾಲ ಹೋಗ್ತಿತ್ತು. ಈಗಿನ ಮನಿಗಳಾಗ ಕಿಡಕಿ ಮ್ಯಾಗಿನ ವೆಂಟಿಲೇಟರಿಗೂ ಧೂಳು ಬರ್ತದ ಅಂತ ಗಾಜು ಬಡದು ಬಿಡ್ತೀವಿ. ಅದನ್ನ ರಾತ್ರಿ ತಗಿಯಂಗ ಮಾಡಿಸ್ಕೋರಿ. ರಾತ್ರಿ ಹತ್ತರ ಮ್ಯಾಲ ಹೊರಗಿನ ಗಾಳಿ ಒಳಗಿಂದಕ್ಕಿಂತ ತಂಪಾದ ಕೂಡ್ಲೇ ಒಂದು ಕಿಡಕ್ಯಾಗ ಟೇಬಲ್ ಫ್ಯಾನ್ ಹೊರಗ ಮಾರಿ ಮಾಡಿ ಇಟ್ಟು ಎದುರಿನ ಕಿಡಕಿ ತಗೀರಿ, ಬಿಸಿ ಗಾಳಿ ಹೊರಗ ತಳ್ಳಿದಷ್ಟು ಎದುರಿಂದ ತಂಪು ತಾನ ಒಳಗ ಬರ್ತದ. ಸೊಳ್ಳಿ ಜಾಳಗಿ ಧೂಳು ತುಂಬಿದ್ರ ಗಾಳಿ ಅರ್ಧ ಅಲ್ಲೇ ನಿಲ್ತದ, ಒಂದು ಹಸಿ ಬಟ್ಟಿಲೆ ಒರಸ್ರಿ.

ಫಿಲ್ಟರ್ ಬಗ್ಗೆ ಹೇಳದ ಇದ್ರ ಇದೆಲ್ಲಾ ವ್ಯರ್ಥ. ನಮ್ಮೂರಾಗ ಹತ್ತಿ ವ್ಯಾಪಾರ ಎಷ್ಟದ ಅಂತ ಗೊತ್ತದಲ್ಲ, ಜಿನ್ನಿಂಗ್ ಮಿಲ್ಲು, ಗಂಜಿನ ಕಡಿ ಮನಿ ಇರೋವ್ರು ಚಳಿಗಾಲ ಮುಗದು ಮಾರ್ಚಿನಾಗ ಎಸಿ ಮುಚ್ಚಳ ಎತ್ತಿ ನೋಡ್ರಿ, ಜಾಳಗಿ ಕಾಣಂಗಿಲ್ಲ, ಅದರ ಮ್ಯಾಗ ಬೂದಿ ಬಣ್ಣದ ಕಂಬಳಿ ಹೊದಿಸಿದಂಗ ಹತ್ತಿ ಎಳಿ ಧೂಳು ಸೇರಿ ಕುಂತಿರ್ತದ, ಉಗುರಿಲೆ ಮೂಲಿ ಹಿಡದು ಎಳದ್ರ ಒಂದ ಹಾಳಿ ಆಗಿ ಕಿತ್ತು ಬರ್ತದ. ಅದರೊಳಗಿಂದ ಗಾಳಿ ಹೆಂಗ ಬರಬೇಕು. ನಳದ ಕೆಳಗ ಹಿಡಿಯೋವಾಗ ಧೂಳು ಹತ್ತಿದ ಕಡಿಯಿಂದ ನೀರು ಬಿಡಬ್ಯಾಡ್ರಿ, ಹಿಂದಿನ ಕಡಿಯಿಂದ ಬಿಡ್ರಿ, ಇಲ್ಲಾಂದ್ರ ಧೂಳು ಜಾಳಗ್ಯಾಗ ಇನ್ನ ಒಳಗ ಸೇರ್ತದ. ಬಿಸಲಿಗೆ ಇಟ್ರ ಪ್ಲಾಸ್ಟಿಕ್ ಸೊಟ್ಟ ಆಗ್ತದ, ನೆರಳಾಗ ಆರಿಸ್ರಿ. ಸೀಜನ್‌ನಾಗ ಹದಿನೈದು ದಿನಕ್ಕೊಮ್ಮೆ. ಮ್ಯಾಲಿನ ಫ್ಯಾನ್ ಐದಕ್ಕಿಟ್ರೂ ಸೋಮಾರಿ ಆಗಿ ತಿರಗ್ತದ ಅಂದ್ರ ಹೆಚ್ಚಾಗಿ ಫ್ಯಾನಿನ ಕಂಡೆನ್ಸರ್ (ಕೆಪಾಸಿಟರ್) ಹೋಗಿರ್ತದ, ಎರಡೂವರೆ ಎಂಎಫ್‌ಡಿ ಅಂತ ಕೇಳಿದ್ರ ಯಾವ ಎಲೆಕ್ಟ್ರಿಕಲ್ ಅಂಗಡ್ಯಾಗೂ ಕೊಡ್ತಾರ, ಫ್ಯಾನ್ ಹಳೇದಾತು ಅಂತ ಒಗಿಯೋ ಮುಂಚೆ ಅದನ್ನ ಹಾಕಿಸಿ ನೋಡ್ರಿ. ಗ್ವಾಡಿ ಮ್ಯಾಗ ಆ ಹಳೇ ದಪ್ಪ ಡಬ್ಬಿ ರೆಗ್ಯುಲೇಟರ್ ಇದ್ರ ಅದನ್ನ ಮಾತ್ರ ತಗದು ಹಾಕ್ರಿ, ಫ್ಯಾನ್ ಸಣ್ಣಗ ಮಾಡಿದ್ರ ಅದು ಉಳಿದ ಕರೆಂಟನ್ನ ಕಾವು ಮಾಡಿ ಸುಡ್ತದ, ಕೈ ಇಟ್ರ ಬೆಚ್ಚಗಿರ್ತದ.

ಕಡೀಗೆ ಅಡಗಿ ಮನಿ. ಎಲ್ಲಾ ಖೋಲಿ ಲೆಕ್ಕ ಹಾಕಿ ಅಡಗಿ ಮನಿ ಬಿಡ್ತೀವಿ, ಮನ್ಯಾಗ ಎಲ್ಲಾಕ್ಕಿಂತ ಹೆಚ್ಚು ಧಗಿ ಇರೋದು ಅಲ್ಲೇ. ಮೇ ತಿಂಗಳಾಗ ಹಂಚಿನ ಮುಂದ ನಿಂತು ಮನಿಮಂದಿಗೆಲ್ಲಾ ರೊಟ್ಟಿ ಬಡಿಯೋದು ಅಂದ್ರ ಏನು ಅಂತ ಒಮ್ಮೆ ನಿಂತು ನೋಡ್ರಿ, ನಾನು ರವಿವಾರ ನಿಲ್ತೀನಿ. ಉರಿ ಹಾರ್ತದ ಅಂತ ಅಲ್ಲಿ ಫ್ಯಾನ್ ಹಚ್ಚಂಗಿಲ್ಲ, ಎಕ್ಸಾಸ್ಟ್ ಇದ್ರೂ ಕಿಡಕಿ ಬಾಗ್ಲ ಹಾಕಿದ್ರ ಅದು ಸುಮ್ನ ಗರ್ ಅಂತದ, ಎಳಿಯಾಕ ಗಾಳಿ ಎಲ್ಲಿಂದ ಬರಬೇಕು. 9 ಇಂಚಿನ ಎಕ್ಸಾಸ್ಟ್ ಒಲಿ ಇರೋ ಕಡಿ ಛತ್ತಿಗೆ ಹತ್ತಿ ಕೂಡಿಸ್ರಿ, ಗಾಳಿ ಒಳಗ ಬರೋ ದಾರಿ ಎದುರಿನ ಗ್ವಾಡಿಗೆ ಕೆಳಗಿರ್ಲಿ, ಆವಾಗ ಬರೋ ಗಾಳಿ ರೊಟ್ಟಿ ಬಡಿಯೋರ ಬೆನ್ನು ಸವರಿಕೊಂಡು ಹೋಗಿ ಹಂಚಿನ ಕಾವು ಎತ್ತಿಕೊಂಡು ಹೊರಗ ಹೋಗ್ತದ. ನಮ್ಮ ಮನ್ಯಾಗ ಆ ಕೆಳಗಿನ ದಾರಿ ಇರಲಿಲ್ಲ, ಹಿತ್ತಲ ಬಾಗ್ಲಕ್ಕ ಕೆಳಗ ಜಾಳಗಿ ಕೂಡಿಸೋ ಕೆಲಸ ಬಡಗ್ಯಾರಿಗೆ ಹೇಳೀವಿ, ಮುಂದಿನ ವಾರ ಬರ್ತೀನಿ ಅಂದಾರ, ಕೂಡಿಸಿದ ಮ್ಯಾಲ ಅಳತಿ ಮತ್ತ ಫೋಟೋ ಇಲ್ಲೇ ಹಾಕ್ತೀನಿ.